ಫೋಟೋದ ಬೆನ್ನಿಗೆ ಬರೆದದ್ದು

ಮಾರ್ಲೋ ಫೆರಿಯ ಜನ ಹವಾಮಾನದ ವರದಿಯನ್ನು ನಂಬುತ್ತಿರಲಿಲ್ಲ, ನಗರಸಭೆಯನ್ನಂತೂ ಮೊದಲೇ ನಂಬುತ್ತಿರಲಿಲ್ಲ. ಆದರೆ ವರ್ನಾ ಸೊಬೊಟಾ ಒಂದು ಫೋಟೋದ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಏನಾದರೂ ಬರೆದಿದ್ದಾಳೆಂದರೆ ಅಲ್ಲಿಗೆ ಮಾತು ಮುಗಿಯಿತು. ಬಾರಿನಲ್ಲಿ ಪಂಥ ಕಟ್ಟಿದವರೂ ಅವಳ ಮನೆಯ ಬಾಗಿಲು ತಟ್ಟಿ, ತೀರ್ಮಾನ ಕೇಳಿಕೊಂಡು ಹೋಗುತ್ತಿದ್ದರು.

ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸಿ ಬಡಿಸುವುದು ಅವಳ ಕೆಲಸ. ಸಂಜೆಯಾದರೆ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ಬೇಸ್‌ಬಾಲ್ ಮೈದಾನಕ್ಕೆ ಹೊರಡುತ್ತಿದ್ದಳು. ಊರಿನ ತಂಡದ ಹೆಸರು ಅಂಬಿಗರು. ನದಿಯಲ್ಲಿ ದೋಣಿ ನಿಂತು ನಲವತ್ತು ವರ್ಷವಾಗಿತ್ತು, ತಂಡ ಗೆಲ್ಲುವುದೂ ಹೆಚ್ಚುಕಡಿಮೆ ಆಗಲೇ ನಿಂತಿತ್ತು. ಆದರೂ ಹನ್ನೊಂದು ಬೇಸಿಗೆಗಳಲ್ಲಿ ಅವಳು ಊರಿನ ಒಂದೇ ಒಂದು ಪಂದ್ಯವನ್ನೂ ತಪ್ಪಿಸಿರಲಿಲ್ಲ. ಗಂಡ ಬಿಟ್ಟುಹೋದ ದಿನವೂ ಹೋಗಿದ್ದಳು. ಅಂದು ಏಳಕ್ಕೆ ಎರಡರಲ್ಲಿ ಸೋತಿದ್ದರು.

ಮೂರನೇ ಬೇಸಿನ ಹಿಂದೆ, ಕಂಬದ ಪಕ್ಕದ ಕುರ್ಚಿ ಅವಳದು. ಒಂದು ಪಂದ್ಯಕ್ಕೆ ಒಂದೇ ರೀಲು, ಮೂವತ್ತಾರು ಚಿತ್ರ. ಒಂದು ಚಿತ್ರ ತೆಗೆದರೆ ಮುಂದಿನ ಚೆಂಡು ಎಸೆಯುವುದರೊಳಗೆ ಅಂಕದ ಚೀಟಿಯ ಅಂಚಿನಲ್ಲಿ ಅದರ ಸಂಖ್ಯೆ, ಇನಿಂಗ್ಸು, ಅಂಕ ಬರೆದುಕೊಳ್ಳಬೇಕು. ಔಷಧಿ ಅಂಗಡಿಯಿಂದ ಫೋಟೋ ತೊಳೆದು ಬಂದ ಮೇಲೆ ಅದನ್ನೇ ಅಕ್ಷರ ಬಿಡದೆ ಬೆನ್ನಿಗೆ ಇಳಿಸುತ್ತಿದ್ದಳು. ಪಕ್ಕದಲ್ಲಿ ಕೂತವರು ಏನಾದರೂ ಕೇಳಿದರೆ ಬರೆದು ಮುಗಿಯುವ ತನಕ ಉತ್ತರವಿಲ್ಲ. ಬೆಂಕಿ ಬಿದ್ದರೂ ಬರೆದೇ ಏಳುತ್ತಾಳೆ ಎಂದು ಜನ ನಗುತ್ತಿದ್ದರು. ಅದೇನೂ ಸುಳ್ಳಲ್ಲ.

ಇದೆಲ್ಲ ಬರೀ ಹುಚ್ಚು ಎಂದುಕೊಳ್ಳಬೇಡಿ. ಮೈದಾನದ ಮೇಲಿನ ಗೂಡಿನಲ್ಲಿ ಕೂತು ಅಧಿಕೃತವಾಗಿ ಅಂಕ ಬರೆಯುತ್ತಿದ್ದವನು ವೆಂಡೆಲ್ ಲಿಂಡ್‌ಕ್ವಿಸ್ಟ್, ನಿವೃತ್ತ ರೇಖಾಗಣಿತದ ಮೇಷ್ಟ್ರು. ಬ್ಯಾಟ್ಸ್‌ಮನ್ ಬೇಸ್ ತಲುಪಿದ್ದು ತನ್ನ ಹೊಡೆತದಿಂದಲೋ, ಎದುರಿನವನು ಚೆಂಡು ಬಿಟ್ಟ ತಪ್ಪಿನಿಂದಲೋ ಎಂದು ತೀರ್ಮಾನಿಸುವುದು ಅವನ ಪಾಲಿಗೆ ಬಂದ ತಲೆನೋವು. ಅನುಮಾನ ಬಂದರೆ ಅವನು ಗೂಡಿನಿಂದ ಬಗ್ಗಿ ಕಂಬದ ಪಕ್ಕದ ಕುರ್ಚಿಯತ್ತ ನೋಡುತ್ತಿದ್ದ. ವರ್ನಾ ತಲೆ ಆಡಿಸಿದರೆ ಚಿತ್ರ ಸಿಕ್ಕಿದೆ ಎಂದರ್ಥ. ಆಗ ಪುಸ್ತಕದ ಆ ಚೌಕವನ್ನು ಖಾಲಿ ಬಿಟ್ಟು, ಮರುದಿನ ಫೋಟೋ ನೋಡಿ ತುಂಬಿಸುತ್ತಿದ್ದ. ಒಮ್ಮೆ ಅವಳ ಫೋಟೋದಿಂದಲೇ ಊರಿನ ಹುಡುಗನೊಬ್ಬನ ಹೊಡೆತ ರದ್ದಾಗಿ, ಅವನ ತಾಯಿ ಎರಡು ವರ್ಷ ಇಗರ್ಜಿಯಲ್ಲಿ ವರ್ನಾಳ ಕಡೆ ಮುಖ ಹಾಕಲಿಲ್ಲ. ವರ್ನಾಳಿಗೆ ಅದರಿಂದ ಒಳಗೊಳಗೇ ಹೆಮ್ಮೆಯಾಗಿತ್ತು.

ಎರಡು ಇನಿಂಗ್ಸುಗಳ ನಡುವಿನ ಎರಡು ನಿಮಿಷದಲ್ಲಿ ಅವಳು ಎಡಬದಿಯ ಸಣ್ಣ ಗೇಟಿನಿಂದ ಹೊರಗೆ ಟ್ಯಾನರಿ ಬೀದಿಗೆ ನುಸುಳುತ್ತಿದ್ದಳು. ಮುಚ್ಚಿದ ಕ್ಷೌರದಂಗಡಿ, ಬೇಲಿಗೆ ಒರಗಿಸಿದ ಸೈಕಲ್ಲುಗಳು, ಟಿಕೆಟ್ ಕೊಳ್ಳದೆ ವ್ಯಾನಿನ ಮೇಲೆ ಹತ್ತಿ ಪಂದ್ಯ ನೋಡುವ ಗುಂಪು, ಇವೆಲ್ಲ ಅವಳ ಚಿತ್ರಗಳಲ್ಲಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಇದ್ದದ್ದು ಬೇಲಿಯ ಎದುರಿಗಿನ ಏಮೋಸ್ ಗ್ರಿಗ್ಸ್‌ನ ಮನೆ. ಏಮೋಸ್ ಮೂವತ್ತೊಂದು ವರ್ಷ ಊರಿಗೆಲ್ಲ ಟಪಾಲು ಹಂಚಿದವನು. ಅವನ ಹೆಂಡತಿ ಕ್ಲೀಟಾ ಜಗಲಿಯಲ್ಲಿ ಕೂತು, ಓಡಿ ಬಂದ ವರ್ನಾಳಿಗೆ ನಿಂಬೆ ಶರಬತ್ತು ಕೊಟ್ಟು, "ಕುಡಿದು ಹೋಗೇ, ಅವರು ನೀನಿಲ್ದೇನೂ ಸೋಲ್ತಾರೆ" ಎನ್ನುತ್ತಿದ್ದಳು.

ಎಡಬದಿಗೆ ಬೇಲಿ ದಾಟಿದ ಚೆಂಡು ಬೀಳುತ್ತಿದ್ದದ್ದು ಆ ಮನೆಯ ಮೇಲೆಯೇ. ತಂಡದ ಕ್ಲಬ್ಬಿಗೆ ಹಳೆಯ ಮಾಲೀಕರಿದ್ದಾಗ ಗಾಜು ಒಡೆದರೆ ಮರುದಿನವೇ ಕ್ಲಬ್ಬಿನವರು ಬಂದು ಹೊಸದು ಕೂರಿಸುತ್ತಿದ್ದರು. ಹೊಸ ಮಾಲೀಕ ಬಂದ ಮೇಲೆ ಅದು ನಿಂತಿತು. ಏಮೋಸ್ ತಾನೇ ಗಾಜು ಹಾಕಿದ. ಆಮೇಲೆ ಹಲಗೆ ಬಡಿದ. ಕ್ಲೀಟಾ ಕಾಯಿಲೆ ಬಿದ್ದ ವರ್ಷ ಚಾವಣಿಗೆ ನೀಲಿ ತಾಡಪಾಲು ಹೊದಿಸಿದ. ಅವಳು ಸತ್ತ ಮೇಲೆ ಏನನ್ನೂ ಮುಟ್ಟಲಿಲ್ಲ. ಜಗಲಿಯ ಮೆಟ್ಟಿಲು ಆಗಲೇ ಒಂದು ಪಕ್ಕಕ್ಕೆ ವಾಲಿತ್ತು, ಆಮೇಲೆ ಕಟಕಟೆಯೂ ಮುರಿಯಿತು. ವರ್ನಾ ಅದನ್ನೂ ಪ್ರತಿ ಬೇಸಿಗೆಯಲ್ಲಿ ತೆಗೆದಳು. ಅವಳಿಗೆ ಆ ಮನೆ ಹಾಗಿದ್ದರೂ ಇಷ್ಟವೇ.

1996ರ ಬೇಸಿಗೆಯಲ್ಲಿ ಮೈದಾನಕ್ಕೆ ಐವತ್ತು ತುಂಬಿತು. ಕ್ಲಬ್ಬಿನವರು ಊರ ಗ್ರಂಥಾಲಯದಲ್ಲಿ ವರ್ನಾಳ ನೂರಿಪ್ಪತ್ತು ಫೋಟೋಗಳನ್ನು ತೂಗುಹಾಕಿ, ಬೆನ್ನಿಗಿದ್ದ ಬರಹವನ್ನೇ ಕೆಳಗೆ ಅಂಟಿಸಿದರು. ಬಾಗಿಲಲ್ಲಿ ಅವಳ ಹೆಸರು ದೊಡ್ಡಕ್ಷರದಲ್ಲಿತ್ತು. ಅರವತ್ತೆರಡು ವರ್ಷದಲ್ಲಿ ಅವಳ ಹೆಸರು ಗೋಡೆ ಕಂಡದ್ದು ಅದೇ ಮೊದಲು. ಅವಳು ಮೂರು ದಿನ ಹೊಸ ಬೂಟು ಹಾಕಿಕೊಂಡು ಹೋಗಿ, ಸುಮ್ಮನೆ ದಾರಿಯಲ್ಲಿ ಬಂದವಳ ಹಾಗೆ ನಿಂತಳು.

ಏಮೋಸ್ ಕೂಡ ಬಂದ. ಒಂದು ಫೋಟೋದ ಮುಂದೆ ಬಹಳ ಹೊತ್ತು ನಿಂತ. ಜಗಲಿಯಲ್ಲಿ ಕ್ಲೀಟಾ ಕೂತಿದ್ದಾಳೆ, ತಲೆಗೆ ಬಟ್ಟೆ ಸುತ್ತಿದೆ, ಪಕ್ಕದಲ್ಲಿ ವಾಲಿದ ಮೆಟ್ಟಿಲು. ಕೆಳಗೆ ಬರೆದಿತ್ತು: 1993 ಜೂನ್ 19, ಐದನೇ ಇನಿಂಗ್ಸ್ ಮುಗಿದಾಗ, ನಾಲ್ಕಕ್ಕೆ ನಾಲ್ಕು.

"ಅವಳು ಕೊನೇ ಸಲ ಹೊರಗೆ ಕೂತಿದ್ದು ಯಾವತ್ತು ಅಂತ ನಂಗೆ ನೆನಪೇ ಇರಲಿಲ್ಲ ಕಣಮ್ಮ" ಎಂದ. "ಎಷ್ಟು ಯೋಚನೆ ಮಾಡಿದ್ರೂ ಹೊಳೀತಿರಲಿಲ್ಲ. ಈಗ ಗೊತ್ತಾಯ್ತು."

ಆ ಗೋಡೆಯನ್ನು ಇನ್ನೊಬ್ಬರೂ ಗಮನವಿಟ್ಟು ನೋಡಿದ್ದರು. ಕ್ಲಬ್ಬಿನ ಮಾಲೀಕನಿಗೆ ಟ್ಯಾನರಿ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗ ಬೇಕಿತ್ತು. ಒಂದು ಮನೆ ಸತತ ಮೂರು ವರ್ಷ ದುರಸ್ತಿ ಕಾಣದೆ ಬಿದ್ದಿದ್ದರೆ ಕೆಡವಿಸುವ ಅಧಿಕಾರ ನಗರಸಭೆಗಿತ್ತು. ಬಿದ್ದಿದೆ ಎಂದು ಹೇಳುವುದು ಸುಲಭ, ಮೂರು ವರ್ಷದಿಂದ ಬಿದ್ದಿದೆ ಎಂದು ತೋರಿಸುವುದು ಕಷ್ಟ. ವರ್ನಾ ಆ ಕಷ್ಟ ತಪ್ಪಿಸಿಕೊಟ್ಟಿದ್ದಳು. ಜುಲೈ ಕೊನೆಯಲ್ಲಿ ಏಮೋಸ್ ಅವಳ ಕೈಗೆ ನಗರಸಭೆಯ ಒಂದು ನೋಟಿಸು ಕೊಟ್ಟ. ಹಿಂದೆ ಲಗತ್ತಿಸಿದ್ದ ಏಳು ಚಿತ್ರಗಳೂ ಅವಳವೇ, ಕ್ಲೀಟಾ ಇದ್ದದ್ದೂ ಸೇರಿ.

"ಓದು" ಎಂದ. "ಇಷ್ಟು ವರ್ಷ ಊರಿಗೆಲ್ಲ ಇಂಥ ಕಾಗದ ಹಂಚಿದೋನು ನಾನೇ. ನಂಗೂ ಒಂದು ಬರಬೇಕಿತ್ತು ಬಿಡು."

"ಏಮೋಸ್, ನಾನು ಇದಕ್ಕೆ ತೆಗೆದಿದ್ದಲ್ಲ."

"ಗೊತ್ತು ಕಣಮ್ಮ. ನೀನು ಎಲ್ಲಾನೂ ತೆಗೀತೀಯ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಆ ಮನೆಯನ್ನು ಹಾಳು ಮಾಡಿದ್ದು ಮೈದಾನದ ಚೆಂಡು ಎಂದು ತೋರಿಸಿದರೆ ಸಾಕಲ್ಲ ಎಂದುಕೊಂಡು ವರ್ನಾ ಹನ್ನೊಂದು ವರ್ಷದ ಡಬ್ಬಿಗಳನ್ನು ಅಡುಗೆಮನೆಯ ನೆಲದ ಮೇಲೆ ಸುರಿದಳು. ಒಂದು ಶನಿವಾರ, ಒಂದು ಭಾನುವಾರ ಪೂರ್ತಿ ಹುಡುಕಿದಳು. ಚೆಂಡು ಬೇಲಿ ದಾಟಿದ ಪ್ರತಿ ಹೊಡೆತವೂ ಅಲ್ಲಿತ್ತು. ಪ್ರತಿಯೊಂದರಲ್ಲೂ ಹೊಡೆದವನ ಮುಖವಿತ್ತು, ಬಾಯಿ ತೆರೆದು ಮೇಲೆ ನೋಡುವ ಮುಖ. ಚೆಂಡು ಎಲ್ಲಿ ಬಿತ್ತು ಎಂದು ಅವಳು ಒಮ್ಮೆಯೂ ಕ್ಯಾಮೆರಾ ತಿರುಗಿಸಿರಲಿಲ್ಲ. ಏಮೋಸ್‌ನ ಮನೆಯ ಕಡೆ ತಿರುಗಿಸಿದ್ದು ಆಟ ನಿಂತಾಗ ಮಾತ್ರ. ಗಾಯವೆಲ್ಲ ಫೋಟೋದಲ್ಲಿತ್ತು, ಗಾಯ ಮಾಡಿದ ಚೆಂಡು ಒಂದರಲ್ಲೂ ಇರಲಿಲ್ಲ. ಅವಳು ನೆಲದ ಮೇಲೆ ಕೂತು ಅತ್ತಳು.

ಸೋಮವಾರ ವೆಂಡೆಲ್‌ನ ಮನೆಗೆ ಹೋದಳು. ಅವನು ಪುಸ್ತಕಗಳನ್ನೆಲ್ಲ ತೆಗೆದು ನೋಡಿ ತಲೆ ಅಲ್ಲಾಡಿಸಿದ.

"ನಾನು ಹೋಮ್ ರನ್ ಅಂತ ಬರೀತೀನಿ ವರ್ನಾ. ಯಾರ ಮನೆ ಮೇಲೆ ಬಿತ್ತು ಅಂತ ಬರೆಯೋಕೆ ನಂಗೆ ಕಾಲಂ ಇಲ್ಲ."

"ಹಂಗಾದ್ರೆ ಏನು ಮಾಡ್ಲಿ?"

"ವಿಚಾರಣೆಯಲ್ಲಿ ನಿನ್ನ ಕೇಳ್ತಾರೆ, ಇದ್ದದ್ದು ಹೇಳು. ನೀನು ಇನ್ನೇನು ತಾನೆ ಹೇಳ್ತೀಯ."

ಆಗಸ್ಟ್ ಎರಡನೇ ಮಂಗಳವಾರ ವಿಚಾರಣೆ. ಸಭಾಂಗಣದಲ್ಲಿ ಅರ್ಧ ಊರಿತ್ತು. ಏಮೋಸ್ ಟಪಾಲಿನ ಕಾಲದ ಟೈ ಕಟ್ಟಿ ಮುಂದಿನ ಸಾಲಿನಲ್ಲಿ ಕೂತಿದ್ದ. ಹಿಂದೆ, ಕಿಟಕಿಯ ಬಳಿ ವೆಂಡೆಲ್. ವರ್ನಾ ಬಲಗೈ ಎತ್ತಿ ಪ್ರಮಾಣ ಮಾಡಿದಳು. ನಗರಸಭೆಯ ವಕೀಲೆ ಏಳು ಫೋಟೋಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಇವು ನೀವು ತೆಗೆದವೇ ಅಲ್ವಾ ಮೇಡಂ?"

"ಹೌದು."

"ಹಿಂದೆ ಇರೋ ತಾರೀಕುಗಳನ್ನ ಬರೆದಿದ್ದೂ ನೀವೇ?"

"ನಾನೇ."

"ಸರಿಯಾದ ತಾರೀಕುಗಳು ತಾನೆ?" ವಕೀಲೆ ಉತ್ತರಕ್ಕೆ ಕಾಯದೆ ಆಗಲೇ ಕಾಗದ ಮಗುಚುತ್ತಿದ್ದಳು. ಮಾರ್ಲೋ ಫೆರಿಯಲ್ಲಿ ಅದು ಕೇಳುವಂಥ ಪ್ರಶ್ನೆಯೇ ಆಗಿರಲಿಲ್ಲ.

ವರ್ನಾ ಏಮೋಸ್‌ನ ಟೈ ನೋಡಿದಳು. ಗಂಟು ಸ್ವಲ್ಪ ಓರೆಯಾಗಿತ್ತು. ಮೊದಲು ಅದನ್ನು ಕ್ಲೀಟಾ ಸರಿಮಾಡುತ್ತಿದ್ದಳು.

"ಹೇಳೋಕಾಗಲ್ಲ" ಎಂದಳು.

"ಏನಂದ್ರಿ?"

"ನಾನು ಪಂದ್ಯ ನೋಡ್ವಾಗ ಏನೂ ಬರ್ಕೊಳ್ಳಲ್ಲ. ಚಳಿಗಾಲದಲ್ಲಿ ಡಬ್ಬಿ ತೆಗೆದು, ನೆನಪಿಗೆ ಬಂದಿದ್ದು ಬರೀತೀನಿ. ಅಂದಾಜಿನ ಮೇಲೆ. ಒಂದೆರಡು ವರ್ಷ ಆಕಡೆ ಈಕಡೆ ಆಗಿರಬಹುದು."

"ಏಳೂ?"

"ಏಳೂ."

ಅಲ್ಲಿದ್ದ ಎಲ್ಲರಿಗೂ ಅದು ಸುಳ್ಳೆಂದು ಗೊತ್ತಿತ್ತು. ಅವಳ ಪಕ್ಕ ಕೂತು ಉತ್ತರ ಸಿಗದೆ ಕಾದವರೇ ಹತ್ತಿಪ್ಪತ್ತು ಮಂದಿ ಇದ್ದರು. ವಕೀಲೆ ಬೇರೆ ಸಾಕ್ಷಿ ಇದ್ದಾರೆಯೇ ಎಂದು ಸುತ್ತ ನೋಡಿದಳು. ಯಾರೂ ಏಳಲಿಲ್ಲ. ವೆಂಡೆಲ್ ಕಿಟಕಿಯ ಹೊರಗೆ ನೋಡುತ್ತಿದ್ದ. ಕೊನೆಗೆ ಅಧ್ಯಕ್ಷರು, ಮೂರು ವರ್ಷಕ್ಕೆ ಪುರಾವೆ ಸಾಲದು ಎಂದು ಹೇಳಿ ನೋಟಿಸು ವಜಾ ಮಾಡಿದರು. ಮನೆ ಉಳಿಯಿತು.

ಹೊರಗೆ ಮೆಟ್ಟಿಲಿನ ಮೇಲೆ ವೆಂಡೆಲ್ ಅವಳನ್ನು ದಾಟಿ ಹೋಗುತ್ತ ನಿಂತ. "ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಏನು ಮಾಡ್ತಿದ್ನೋ ಗೊತ್ತಿಲ್ಲ" ಎಂದು, ಟೋಪಿ ಮುಟ್ಟಿ ಹೋದ. ಆ ಮಾತಿನಲ್ಲಿ ಕಹಿಯೇನೂ ಇರಲಿಲ್ಲ. ಅವಳು ಅದನ್ನೇ ಹಿಡಿದುಕೊಂಡು ಎರಡು ದಿನ ಸಮಾಧಾನ ಮಾಡಿಕೊಂಡಳು.

ಗುರುವಾರ ಪಂದ್ಯವಿತ್ತು. ನಾಲ್ಕನೇ ಇನಿಂಗ್ಸಿನಲ್ಲಿ ನೆಲಕ್ಕೆ ಉಜ್ಜಿಕೊಂಡು ಬಂದ ಚೆಂಡೊಂದು ಮೂರನೇ ಬೇಸಿನವನ ಕೈಗವಸಿಗೆ ತಗಲಿಯೋ ತಗಲದೆಯೋ ಹೊರಳಿಹೋಯಿತು. ವರ್ನಾ ಅದನ್ನು ಸರಿಯಾಗಿ ಹಿಡಿದಿದ್ದಳು. ಗವಸು, ಚೆಂಡು, ನಡುವಿನ ಧೂಳು, ಎಲ್ಲವೂ ಸಿಕ್ಕಿತ್ತು. ತಲೆ ಆಡಿಸಲು ಗೂಡಿನತ್ತ ಮುಖ ಎತ್ತಿದಳು. ವೆಂಡೆಲ್ ಬಗ್ಗಿ ನೋಡಲಿಲ್ಲ. ಪೆನ್ಸಿಲು ಒಂದು ಕ್ಷಣ ತಡೆದು, ತಾನೇ ಏನೋ ಬರೆದು ಹಾಳೆ ಮಗುಚಿದ. ಅವಳು ಮುಂದಿನ ಚೆಂಡಿಗೂ ಕಾದಳು, ಅದರ ಮುಂದಿನದಕ್ಕೂ. ಅಂಚಿನಲ್ಲಿ ಬರೆದುಕೊಳ್ಳುವುದು ಅಂದು ಮೊದಲ ಸಲ ಮರೆತುಹೋಯಿತು.

ಶುಕ್ರವಾರ ಶಾಲೆಯಿಂದ ಬರುವಾಗ ಏಮೋಸ್ ಜಗಲಿಯಿಂದಲೇ ಕೈ ಮಾಡಿ ಕರೆದ. ವಾಲಿದ ಮೆಟ್ಟಿಲಿನ ಕೆಳಗೆ ಎರಡು ಇಟ್ಟಿಗೆ ಇಟ್ಟಿದ್ದ. ಶರಬತ್ತು ತಾನೇ ಮಾಡಿದ್ದ, ಸಕ್ಕರೆ ಕರಗಿರಲಿಲ್ಲ. ನಗರಸಭೆಯವರು ಹಿಂದಿರುಗಿಸಿದ ಫೋಟೋಗಳು ಅವನ ಮೊಣಕಾಲಿನ ಮೇಲಿದ್ದವು. ಆರನ್ನು ಅವಳಿಗೆ ಕೊಟ್ಟ.

"ಇದೊಂದು ನಾನು ಇಟ್ಕೊಳ್ಳಾ?" ಎಂದ. ಕ್ಲೀಟಾ ಇದ್ದದ್ದು.

"ಇಟ್ಕೊಳ್ಳಿ."

ಅವನು ಅದನ್ನು ತಿರುಗಿಸಿ ಬೆನ್ನಿನ ಬರಹ ನೋಡಿದ. ವರ್ನಾಳಿಗೆ, ಏಳೂ ಎಂದು ಕೈ ಎತ್ತಿ ಹೇಳಿದ್ದು ನೆನಪಾಯಿತು.

"ಆ ತಾರೀಕು ಸರಿ ಇದೆ ಏಮೋಸ್" ಎಂದಳು, ಅವಸರವಾಗಿ. "ಅಲ್ಲಿ ನಾನು ಹೇಳಿದ್ದನ್ನ ಬಿಡಿ. ಅವತ್ತು ಇಲ್ಲೇ ನಿಂತು ಬರ್ಕೊಂಡಿದ್ದು. ಅವಳು ನಂಗೆ ಲೋಟ ಹಿಡ್ಕೊಂಡು ಕೂತಿದ್ಲು."

"ಸರಿ ಇದೆ ಅಂತ ಗೊತ್ತು ಕಣಮ್ಮ" ಎಂದ ಏಮೋಸ್. "ಬೆಳಿಗ್ಗೆ ವೆಂಡೆಲ್ ಮನೆಗೆ ಹೋಗಿದ್ದೆ. ಅವನ ಪುಸ್ತಕದಲ್ಲಿ ನೋಡ್ಕೊಂಡು ಬಂದೆ. ಜೂನ್ ಹತ್ತೊಂಬತ್ತು, ಐದನೇದು ಮುಗಿದಾಗ, ನಾಲ್ಕಕ್ಕೆ ನಾಲ್ಕು. ಹಂಗೇ ಇದೆ."

ಅವನು ಫೋಟೋವನ್ನು ಅಂಗಿಯ ಜೇಬಿಗೆ ಇಟ್ಟುಕೊಂಡ. ವರ್ನಾ ಶರಬತ್ತಿನ ಲೋಟ ಕೈಯಲ್ಲಿ ಹಿಡಿದು ಕೂತಳು. ಹನ್ನೊಂದು ವರ್ಷದಲ್ಲಿ ಅವಳು ಬರೆದದ್ದನ್ನು ಒಬ್ಬರು ಇನ್ನೊಂದು ಕಡೆ ತಾಳೆ ನೋಡಿದ್ದು ಅದೇ ಮೊದಲು.