ಹಾರಬಾರದಿದ್ದ ರೇಷ್ಮೆ ಚಿಟ್ಟೆ

ಪರದೆಯ ಮೇಲೆ ಗೂಡು ಒಡೆಯಿತು. ಒಳಗಿನಿಂದ ನೀಲಿ ರೆಕ್ಕೆಯ ಚಿಟ್ಟೆಯೊಂದು ಹೊರಬಂದು, ಅತ್ತಿತ್ತ ಹಾರಿ, ಯೂನಿವರ್ಸಿಟಿಯ ಲಾಂಛನದ ಮೇಲೆ ಹೋಗಿ ಕುಳಿತುಕೊಂಡಿತು.

ನಾನು ಚಪ್ಪಾಳೆಗೆ ಕಾಯುತ್ತಾ ನಿಂತಿದ್ದೆ.

ಎದುರು ಕುಳಿತಿದ್ದ ಯೂನಿವರ್ಸಿಟಿಯ ರೇಷ್ಮೆ ವಿಭಾಗದ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು, "ಇನ್ನೊಂದ್ಸಲ ತೋರಿಸಮ್ಮ" ಅಂದರು.

ತುಂಬಾ ಇಷ್ಟವಾಗಿದೆ ಅಂದುಕೊಂಡೆ...

ಇದು ಎರಡು ಸಾವಿರದ ನಂತರದ ಮೊದಮೊದಲ ವರ್ಷಗಳ ಮಾತು. ಮುಳಬಾಗಿಲಿನಿಂದ ದಿನಾ ಬಸ್ಸಿನಲ್ಲಿ ಕೋಲಾರಕ್ಕೆ ಡಿಗ್ರಿ ಓದಲು ಹೋಗುತ್ತಿದ್ದೆ. ನಮ್ಮ ಕಾಲೇಜಿನಲ್ಲೊಂದು ಡಿಸೈನ್ ರೂಮ್ ಇತ್ತು. ಕ್ಲಾಸ್ ಮುಗಿದ ಮೇಲೆ ನಾವು ಕೆಲವು ವಿದ್ಯಾರ್ಥಿಗಳು ಅಲ್ಲಿ ಕೂತು ಯೂನಿವರ್ಸಿಟಿಯ ವಿಭಾಗಗಳಿಗೆ ಪೋಸ್ಟರು, ಸಿ.ಡಿ., ವೆಬ್ ಪೇಜು ಮಾಡಿಕೊಡುತ್ತಿದ್ದೆವು.

ಆ ರೂಮ್ ನೋಡಿಕೊಳ್ಳುತ್ತಿದ್ದ ಮೂರ್ತಿ ಸರ್ ಅವರದೊಂದು ಪದ್ಧತಿ. ಪ್ರತಿ ಶನಿವಾರ, ಕೆಲಸ ಎಷ್ಟಾಗಿದೆಯೋ ಅಷ್ಟನ್ನು, ಕೆಲಸ ಕೊಟ್ಟವರ ಎದುರಿಗೇ ತೋರಿಸಬೇಕು. "ಅಡುಗೆ ಒಲೆ ಮೇಲಿರೋವಾಗ್ಲೇ ಉಪ್ಪು ನೋಡ್ಬೇಕು, ಎಲೆ ಹಾಕಿದ್ಮೇಲಲ್ಲ" ಅನ್ನುತ್ತಿದ್ದರು.

ಆ ಶನಿವಾರ ನನ್ನ ಪರೀಕ್ಷೆ. ನಾನಿನ್ನೂ ಹೊಸಬಳು. ಮೇಡಂ ಒಪ್ಪಿದರೆ ರೂಮಿನಲ್ಲಿ ನನ್ನ ಸೀಟು ಕಾಯಂ, ಇಲ್ಲದಿದ್ದರೆ ಅದು ಕಾಯುತ್ತಿರುವ ಬೇರೆಯವರಿಗೆ. ಕಂಪ್ಯೂಟರ್ ಮುಟ್ಟಲು ನನಗೆ ಇನ್ನೊಂದು ಜಾಗವೇ ಇರಲಿಲ್ಲ. ಅದರ ಮುಂದೆ ಕೂತರೆ ನನಗೆ ಹಸಿವೂ ಆಗುತ್ತಿರಲಿಲ್ಲ.

ನನ್ನ ಜೊತೆ ಕೆಲಸ ಮಾಡುತ್ತಿದ್ದವಳು ನಾಗಮಣಿ. ಶ್ರೀನಿವಾಸಪುರದ ಕಡೆಯ ಹಳ್ಳಿಯವಳು. ಮನೆಯಲ್ಲಿ ತೆಲುಗು, ಕಾಲೇಜಿನಲ್ಲಿ ಕನ್ನಡ, ಜಗಳಕ್ಕೆ ಎರಡೂ.

ಅವಳ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಆ ವಾರ ಗೂಡು ಬಿಡಿಸಲು ಜನ ಸಾಲದೆ ಅವಳು ಊರಿಗೆ ಹೋಗಿದ್ದಳು. ರೇಷ್ಮೆ ವಿಭಾಗಕ್ಕೆ ನಾವಿಬ್ಬರೂ ಸೇರಿ ಮಾಡುತ್ತಿದ್ದ ಸಿ.ಡಿ.ಯ ಮೊದಲ ಪುಟ ಪೂರ್ತಿ ನನ್ನ ಕೈಗೆ ಬಂತು. ಮೊದಲೇ ಕೋತಿ, ಮೇಲೆ ಹೆಂಡ ಕುಡಿದ ಹಾಗಾಯಿತು.

ಶನಿವಾರ ನೇರವಾಗಿ ಊರಿನಿಂದ ಬಂದವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಚಿಟ್ಟೆ ಮತ್ತೆ ಹಾರಿದಾಗ ಮೊಣಕೈಯಿಂದ ತಿವಿದಳು.

"ದೇವುಡಾ... ತೂತು ಬಿದ್ದಿರೋ ಗೂಡು ತೋರಿಸ್ತಿದೀಯಲ್ಲೇ. ಅದ್ರಲ್ಲಿ ನೂಲು ಎಲ್ಲಿ ಬರುತ್ತೆ ಕಣೇ?"

ನನಗೆ ಅರ್ಥವಾಗಲಿಲ್ಲ. ಮೇಡಂ ನಿಧಾನವಾಗಿ ಬಿಡಿಸಿ ಹೇಳಿದರು. ಒಂದು ಗೂಡು ಅಂದರೆ ಒಂದೇ ಉದ್ದನೆಯ ಎಳೆ. ಚಿಟ್ಟೆ ತೂತು ಮಾಡಿಕೊಂಡು ಹೊರಬಂದರೆ ಎಳೆ ಕೆಡುತ್ತದೆ. ಅದಕ್ಕೇ ಅದು ಹೊರಗೆ ಬರುವ ಮೊದಲೇ ಗೂಡನ್ನು ಬಿಸಿಗೆ ಹಾಕುತ್ತಾರೆ.

"ಹಾಗಾದ್ರೆ ಒಳಗಿರೋದು, ಮೇಡಂ?"

"ಸಾಯುತ್ತಮ್ಮ. ಇನ್ನೊಂದು, ರೇಷ್ಮೆ ಚಿಟ್ಟೆ ಬೆಳ್ಳಗಿರುತ್ತೆ. ಅದಕ್ಕೆ ಹಾರೋಕೂ ಬರಲ್ಲ."

ನಮ್ಮದು ಪೂಜೆಯ ಮನೆತನ. ಅಪ್ಪನ ರೇಷ್ಮೆ ಪಂಚೆಗೆ, ನಾವ್ಯಾರೂ ಮುಟ್ಟದ ಹಾಗೆ, ಒಣಹಾಕಲು ಮೇಲೊಂದು ಬೇರೆ ಬಿದಿರು ಗಳುವೇ ಇತ್ತು. ರೇಷ್ಮೆಯ ಬಗ್ಗೆ ನನ್ನ ಜ್ಞಾನ ಅಷ್ಟೇ. ಬಸ್ಸಿನ ಕಿಟಕಿಯಿಂದ ದಿನಾ ಹಿಪ್ಪುನೇರಳೆ ತೋಟ ನೋಡುತ್ತಿದ್ದವಳು ಒಂದು ಹುಳವನ್ನೂ ಹತ್ತಿರದಿಂದ ನೋಡಿರಲಿಲ್ಲ.

ಸೀಟು ಹೋಯಿತು ಅಂತ ಖಾತ್ರಿಯಾಯಿತು. ಸರ್ ನನ್ನ ಕಡೆ ನೋಡುತ್ತಲೇ ಇರಲಿಲ್ಲ.

ಮೇಡಂ ಮೌಸ್ ತಾವೇ ಹಿಡಿದುಕೊಂಡರು. ಪುಟಗಳನ್ನು ಸರಿಸುತ್ತಾ ಹೋಗಿ, 'ಬಿತ್ತನೆ' ಅಂತ ತಲೆಬರಹ ಮಾತ್ರ ಇದ್ದ ಖಾಲಿ ಪುಟದಲ್ಲಿ ನಿಂತರು.

"ಎಲ್ಲಾ ಗೂಡೂ ಬಿಸಿಗೆ ಹಾಕ್ಬಿಟ್ರೆ ಮುಂದಿನ ಬೆಳೆಗೆ ಮೊಟ್ಟೆ ಎಲ್ಲಿಂದ ಬರ್ಬೇಕು? ಬಿತ್ತನೆಗೆ ಅಂತ ಒಂದಷ್ಟು ಗೂಡು ಇಟ್ಕೊತೀವಿ. ಅದ್ರಿಂದ ಚಿಟ್ಟೆ ಹೊರಗೆ ಬರ್ಲೇಬೇಕು. ಇಲ್ಲಿ ಏನು ತೋರಿಸೋದು ಅಂತ ನಂಗೂ ಹೊಳೆದಿರ್ಲಿಲ್ಲ. ಇವಳು ಮಾಡಿರೋದನ್ನ ಇಲ್ಲಿಗೆ ಹಾಕಿ. ಆ ನೀಲಿ ರೆಕ್ಕೆ ಮಾತ್ರ ಬೇಡ."

ಆಮೇಲೆ ಸರ್ ಕಡೆ ತಿರುಗಿ, "ಇವಳೇ ಮುಗಿಸ್ಲಿ. ಮೊದ್ಲು ಹೋಗಿ ಹುಳ ನೋಡ್ಕೊಂಡು ಬರ್ಲಿ" ಅಂದರು.

ಆಗ ಅತ್ತುಬಿಟ್ಟೆ. ನಾಗಮಣಿ ತನ್ನ ಕರ್ಚೀಫು ಕೊಟ್ಟಳು, ಅದರಲ್ಲಿ ಹಿಪ್ಪುನೇರಳೆ ಎಲೆಯ ಕರೆ.

ಇನ್ನು ಅಪ್ಪನನ್ನು ಕೇಳಬೇಕಿತ್ತು. ಗೆಳತಿಯ ಹಳ್ಳಿಗೆ ಹೋಗಿ ಬರುತ್ತೇನೆ, ಹುಳ ನೋಡಬೇಕು ಅಂದೆ.

"ಹೋಗ್ಬಾ. ಅವರ ಮನೇಲಿ ಊಟಕ್ಕೆ ಕರೆದ್ರೆ ಬೇಡ ಅನ್ಬೇಡ" ಅಂದರು ಅಪ್ಪ.

ಅದಕ್ಕಿಂತ ದೊಡ್ಡ ಮಾತನ್ನು ಅಪ್ಪನ ಬಾಯಿಂದ ನಾನು ಕೇಳಿಲ್ಲ. ನಮ್ಮ ಮನೆಯಲ್ಲಿ ಹಾಗೆ ಹೇಳುವವರು ಅದುವರೆಗೆ ಯಾರೂ ಇರಲಿಲ್ಲ.

ನಾಗಮಣಿ ಮನೆಯ ಗೂಡು ಆಗಲೇ ಮಾರುಕಟ್ಟೆ ಸೇರಿತ್ತು. ಪಕ್ಕದಲ್ಲೇ ಅವಳ ಚಿಕ್ಕಪ್ಪನ ಮನೆ, ಅಲ್ಲಿ ಹುಳಗಳು ಇನ್ನೂ ಎಲೆ ತಿನ್ನುತ್ತಿದ್ದವು. ಸೋನೆ ಮಳೆಯಂಥ ಸದ್ದು.

ಅವಳ ಅಮ್ಮ "ಭಯಪಡಾಕಮ್ಮಾ", ಹೆದರಬೇಡಮ್ಮ, ಅನ್ನುತ್ತಾ ನನ್ನ ಅಂಗೈಯಲ್ಲಿ ಒಂದು ಹುಳ ಇಟ್ಟರು. ತಣ್ಣಗಿತ್ತು. ನಾನು ಬೀಳಿಸಲಿಲ್ಲ.

ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು. ನುಂಗಬೇಕಾದ ಮುದ್ದೆಯನ್ನು ನಾನು ಅಗಿಯುತ್ತಿದ್ದುದನ್ನು ನೋಡಿ ನಾಗಮಣಿ ನಕ್ಕಿದ್ದೇ ನಕ್ಕಿದ್ದು. ಇವತ್ತಿಗೂ ಫೋನ್ ಮಾಡಿದರೆ ಅದನ್ನೇ ಎತ್ತುತ್ತಾಳೆ.

ಸಿ.ಡಿ. ಮುಗಿಯಿತು. ಬಿತ್ತನೆಯ ಪುಟದಲ್ಲಿ ಬಿಳಿ ಚಿಟ್ಟೆಯೊಂದು ಗೂಡಿನಿಂದ ತೆವಳಿ ಬಂದು, ಒದ್ದೆ ರೆಕ್ಕೆ ಬಡಿಯುತ್ತಾ ಅಲ್ಲೇ ಕೂರುತ್ತದೆ. ಹಾರುವುದಿಲ್ಲ.

ಸೀಟು ನನ್ನದಾಯಿತು. ಈಗಲೂ ಡಿಸೈನ್ ಕೆಲಸವೇ ನನಗೆ ಅನ್ನ ಹಾಕುತ್ತಿದೆ. ಆ ಮೇಡಂ ಅವತ್ತು "ಇದು ತಪ್ಪು" ಅಂತಷ್ಟೇ ಹೇಳಿ ಎದ್ದು ಹೋಗಬಹುದಿತ್ತು. ಹೇಳಿದ್ದರೂ ಅವರ ಮಾತು ಸರಿಯಾಗಿಯೇ ಇರುತ್ತಿತ್ತು. ಅವರ ಋಣ ನನ್ನ ಮೇಲಿದೆ.

ನಿಮ್ಮ ತಪ್ಪನ್ನು ಎಸೆಯದೆ, ಅದಕ್ಕೂ ಒಂದು ಜಾಗ ಹುಡುಕಿಕೊಟ್ಟವರು ನಿಮ್ಮ ಬದುಕಿನಲ್ಲಿ ಯಾರು?