ಅತ್ತೆಯ ಕಾದಂಬರಿಗೆ ನಾನು ಓದಿದ ಕೊನೆ

ರಾಮನಗರದ ಗೂಡಿನ ಮಾರುಕಟ್ಟೆಯ ಮುಂದೆ ಬಸ್ಸು ನಿಂತಾಗಲೆಲ್ಲ ಹಸಿ ರೇಷ್ಮೆಗೂಡಿನ ವಾಸನೆ ಕಿಟಕಿಯಿಂದ ಒಳಗೆ ನುಗ್ಗುತ್ತದೆ. ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಬಿಡದಿ ಪಕ್ಕದ ನಮ್ಮ ಹಳೆಯ ಹುಳುಮನೆಯ ತಂಪು, ಸೊಪ್ಪು ಮೇಯುವ ಹುಳುಗಳ ಸರಸರ ಸದ್ದು, ಅದರ ನಡುವೆ ಜಯಮ್ಮತ್ತೆಯ ದನಿ ನೆನಪಾಗುತ್ತವೆ. ಅತ್ತೆ ಅಪ್ಪನ ಅಕ್ಕ. ಮದುವೆಯಾಗಿ ಗುಡೇಮಾರನಹಳ್ಳಿಗೆ ಹೋದವಳು ಎರಡೇ ವರ್ಷಕ್ಕೆ ಗಂಡನನ್ನು ಬಿಟ್ಟು ಬಂದಿದ್ದಳು. ಯಾಕೆಂದು ಹೇಳಲಿಲ್ಲ, ಮತ್ತೆ ಹೋಗಲೂ ಇಲ್ಲ. ಮಧ್ಯಾಹ್ನ ಹುಳುಗಳಿಗೆ ಸೊಪ್ಪು ಹಾಕಿದ ಮೇಲೆ ಅಕ್ಕಪಕ್ಕದ ಹೆಂಗಸರನ್ನು ಕೂರಿಸಿಕೊಂಡು, ರಟ್ಟು ಕಿತ್ತುಹೋದ ಹಳೆಯ ಕಾದಂಬರಿಯೊಂದನ್ನು ಓದುತ್ತಿದ್ದಳು. ನಿಮ್ಮ ಮನೆಯಲ್ಲೂ ಅಂಥ ದನಿಯೊಂದು ಇದ್ದಿರಬಹುದು. ನಾನು ಆಟದ ನಡುವೆ ಚೂರುಪಾರು ಕೇಳಿದ್ದೆನೇ ಹೊರತು ಕೊನೆಯವರೆಗೆ ಕೂತವಳಲ್ಲ.

ಹತ್ತನೇ ತರಗತಿಯಲ್ಲಿ ಮೆಚ್ಚಿದ ಪುಸ್ತಕದ ಬಗ್ಗೆ ಪ್ರಬಂಧ ಸ್ಪರ್ಧೆ ಇಟ್ಟರು. ಅತ್ತೆ ಆ ಕಾದಂಬರಿಯನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟಳು. ಇಪ್ಪತ್ತು ಪುಟಕ್ಕೇ ನನಗೆ ಬೇಸರ ಬಂತು. ಅದೇ ಭಾನುವಾರ, ಆ ಕಾದಂಬರಿಯಿಂದ ಮಾಡಿದ ಸಿನಿಮಾ ಟಿವಿಯಲ್ಲಿ ಬಂತು. ಗಂಡನನ್ನು ಬಿಟ್ಟುಹೋದ ನಾಯಕಿ ಕೊನೆಗೆ ಮಳೆಯಲ್ಲಿ ಓಡಿಬಂದು ಅವನ ಕಾಲಿಗೆ ಬೀಳುತ್ತಾಳೆ. ನಾನು ಅತ್ತುಬಿಟ್ಟೆ, ಅದನ್ನೇ ಬರೆದೆ. ಬಹುಮಾನವೂ ಬಂತು. ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲೆ ಓದಿಸಿದರು. ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದಳು. ‘ಹೆಣ್ಣಿನ ಹಟ ಕರಗಿದಾಗಲೇ ಮನೆ ಬೆಳಗುತ್ತದೆ’ ಎಂಬ ನನ್ನ ಕೊನೆಯ ಸಾಲಿಗೆ ಜೋರು ಚಪ್ಪಾಳೆ. ಪಕ್ಕದ ಮನೆಯ ನಿಂಗಮ್ಮ ಅತ್ತೆಯ ಕಡೆ ಬಾಗಿ, “ಕೇಳುಸ್ಕಂಡ್ಯಾ ಜಯಮ್ಮ? ನಿಮ್ಮನೆ ಮಗೀಗೇ ಗೊತ್ತಾಗೈತೆ” ಎಂದದ್ದು ಕೆಳಗಿಳಿಯುತ್ತಿದ್ದ ನನಗೂ ಕೇಳಿಸಿತು.

ಮನೆಗೆ ನಡೆಯುವಾಗ ಅತ್ತೆ ಕೇಳಿದಳು. “ಪುಸ್ತಕ ಪೂರ್ತಿ ಓದುದ್ಯಾ ಮಗ?”

“ಓದ್ದೆ ಅತ್ತೆ.”

“ಹಂಗಾರೆ ನಾನೇ ತಪ್ಪಾಗಿ ಓದ್ಕಂಡಿದ್ದೆ ಬುಡು.”

ಮಾರನೆಯ ದಿನದಿಂದ ಮಧ್ಯಾಹ್ನದ ಓದು ನಿಂತಿತು. ಕೇಳಿದ ಹೆಂಗಸರಿಗೆ ಕಣ್ಣು ಮಂಜು ಎಂದಳು. ಪರೀಕ್ಷೆ ಮುಗಿದ ರಜೆಯಲ್ಲಿ ನಾನು ಪುಸ್ತಕ ಓದಿ ಮುಗಿಸಿದೆ. ಅಲ್ಲಿ ಕರೆಯಲು ಬರುವವನು ಗಂಡ. ಅವಳು ಅವನನ್ನು ಜಗಲಿಯಲ್ಲಿ ಕೂರಿಸಿ, ನೀರು ಕೊಟ್ಟು, ಬರುವುದಿಲ್ಲ ಎಂದು ಹೇಳಿ ಕಳಿಸುತ್ತಾಳೆ. ಆಮೇಲೆ ಬಿತ್ತನೆ ಬೀಜ ಆರಿಸಲು ಕೂರುತ್ತಾಳೆ. ಕಣ್ಣೀರಿಲ್ಲ, ಮಳೆಯೂ ಇಲ್ಲ. ಸಿನಿಮಾದವರು ಆ ಕೊನೆಯನ್ನು ತಿರುಚಿದ್ದರು, ನಿಜ. ಆದರೆ ಅವರು ನಮ್ಮತ್ತೆಯನ್ನು ಕಂಡವರಲ್ಲ. ನಾನು ದಿನವೂ ಕಂಡಿದ್ದೆ.

ಆಮೇಲೆ ಜಮೀನು ಕಾರ್ಖಾನೆಗಳಿಗೆ ಹೋಯಿತು. ಹುಳುಮನೆ ಇದ್ದಲ್ಲಿ ಈಗ ಲಾರಿಗಳು ನಿಲ್ಲುತ್ತವೆ. ಅಪ್ಪ, ಚಿಕ್ಕಪ್ಪಂದಿರು ಬೇರೆಯಾದರು. ಅತ್ತೆ ಬಿಡದಿಯಲ್ಲಿ ಒಂದು ಕೋಣೆ ಹಿಡಿದು ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವ ಕೆಲಸಕ್ಕೆ ಸೇರಿಕೊಂಡಳು. ಆರು ವರ್ಷ ತಡಮಾಡಿ, ಒಂದು ಬೆಳಿಗ್ಗೆ ಅವಳ ಕೋಣೆಗೆ ಹೋಗಿ, ಓದದೆ ಬರೆದಿದ್ದೆನೆಂದು ಒಪ್ಪಿಕೊಂಡೆ.

“ಗೊತ್ತಿತ್ತು ಕಣವ್ವ. ಆ ಸಿನಿಮಾನ ನಾನೂವೆ ನೋಡಿದ್ದೆ” ಎಂದಳು. “ಪುಸ್ತಕದ ಮಾತು ಬುಡು. ನನ್ನೂ ನೀನು ಹಂಗೇ ಅನ್ಕಂಡಿದ್ಯಾ?”

ಅಂದುಕೊಂಡಿದ್ದೆ. ಮನೆಗೆ ಬಂದ ಗೆಳತಿಯರಿಗೆ, ಅತ್ತೆ ಹಬ್ಬಕ್ಕೆ ಬಂದವಳೆಂದು ಹೇಳಿದ್ದೂ ಉಂಟು. ಅವಳು ನನ್ನ ಮುಖವನ್ನೇ ನೋಡುತ್ತಾ ಕಾದಳು. ಆಮೇಲೆ, “ಬಸ್ಸಿಗೆ ಹೊತ್ತಾಯ್ತದೆ, ಒಸಿ ಉಂಡ್ಕಂಡು ಓಗು” ಎಂದು ತಟ್ಟೆ ಇಟ್ಟಳು.

ತಲೆ ತಗ್ಗಿಸಿ ಉಂಡೆ. ಮುಂದಿನ ಯುಗಾದಿಯ ಹೊತ್ತಿಗೆ ಅತ್ತೆ ಬದುಕಿರಲಿಲ್ಲ.