ದಿನಚರಿಯಲ್ಲಿ ಬರೆಯದ ಜಾಗ

೧೯೫೮ರ ಜನವರಿ ಒಂಬತ್ತು. ನನ್ನ ದಿನಚರಿಯಲ್ಲಿ ‘ಯಶವಂತಪುರ ನಿಲ್ದಾಣ, ಮಂಜು, ಇನ್ಸುಲಿನ್ ನಲವತ್ತು ಯೂನಿಟ್’ ಎಂದಿದೆ. ಹಳಿಗಳು ಹಾಲಿನಲ್ಲಿ ಕರಗಿದಂತಿದ್ದವು. ವಿಶ್ರಾಂತಿ ಕೊಠಡಿಯ ಮೂಲೆಯಲ್ಲಿ ಯಜಮಾನರ ಬಲತೊಡೆಗೆ ಸೂಜಿ ಚುಚ್ಚುತ್ತಿದ್ದೆ. ಪ್ರಮಾಣ ಎಷ್ಟು ಹೆಚ್ಚಿಸಿದರೂ ಸಕ್ಕರೆ ಇಳಿಯದೆ, ಅವರ ಕಣ್ಣು ಮಂಜಾಗತೊಡಗಿತ್ತು.

ಪಕ್ಕದಲ್ಲಿದ್ದ ನಿವೃತ್ತ ನರ್ಸೊಬ್ಬರು, “ದಿನಾ ಇದೇ ಜಾಗಕ್ಕೇನಾ?” ಎಂದರು.

“ಅಲ್ಲಿ ನೋವೇ ಆಗಲ್ಲ ಕಣ್ರೀ,” ಎಂದರು ಯಜಮಾನರು.

ಬಿ.ಎ. ಓದಿದವಳು ನಾನು. ಹೊತ್ತು, ಪ್ರಮಾಣ, ಮೂತ್ರಪರೀಕ್ಷೆಯ ಬಣ್ಣ ಎಲ್ಲವನ್ನೂ ಬರೆದಿದ್ದ ದಿನಚರಿಯನ್ನು ಮುಂದೆ ಹಿಡಿದೆ.

ಆಕೆ ಪುಟ ತಿರುವಿದರು. “ಎಲ್ಲಾ ಬರ್ದಿದೀರಿ. ಎಲ್ಲಿ ಚುಚ್ಚಿದ್ದು ಅಂತ ಬರ್ದೇ ಇಲ್ವಲ್ಲ?” ಎಂದು, ಚುಚ್ಚಿ ಚುಚ್ಚಿ ತೊಡೆಯಲ್ಲಿ ಎದ್ದಿದ್ದ ಗಂಟನ್ನು ಒತ್ತಿ ತೋರಿಸಿದರು. “ಔಷಧಿ ಇಲ್ಲೇ ಕೂತಿರುತ್ತೆ, ರಕ್ತಕ್ಕೆ ಸರಿಯಾಗಿ ಇಳಿಯಲ್ಲ. ಹೊಸ ಜಾಗದಲ್ಲಿ ಪೂರ್ತಿ ಇಳಿಯುತ್ತೆ. ಡಾಕ್ಟರನ್ನ ಕೇಳಿ, ಪ್ರಮಾಣ ಇಳಿಸಿ, ಆಮೇಲೆ ಜಾಗ ಬದಲಾಯ್ಸಿ.” ಜೊತೆಗೆ, “ಸಕ್ಕರೆ ತೀರಾ ಕುಸಿದ್ರೆ ಬಾಯಿಗಿಡಿ,” ಎಂದು ಒಂದು ಅಚ್ಚು ಬೆಲ್ಲ ಕೊಟ್ಟರು.

ಊರಿಂದ ಮರಳಿದ ಮೇಲೆ ಎಡತೊಡೆಗೆ ಚುಚ್ಚಿದೆ. ಡಾಕ್ಟರನ್ನು ಕೇಳಲಿಲ್ಲ, ಪ್ರಮಾಣವನ್ನೂ ಇಳಿಸಲಿಲ್ಲ. ನನ್ನ ಅಂಕಿ ತಿದ್ದಲು ಆಕೆ ಯಾರು?

ಅಂದೇ ತಿರುಗಾಡಲು ಹೋದಾಗ ಹೆಬ್ಬಾಳದ ಕೆರೆಯ ಏರಿಯ ಮೇಲೆ ಯಜಮಾನರು ಬೆವೆತು ಕುಸಿದು ಕೂತರು. “ನೀರೆಲ್ಲಾ ಆಕಾಶಕ್ಕೆ ಹೋಗ್ತಿದೆ ಕಣೇ,” ಎಂದರು, ಕನಸಿನಲ್ಲಿ ಮಾತಾಡುವವರಂತೆ. ಸೆರಗಿನಲ್ಲಿದ್ದ ಬೆಲ್ಲವನ್ನು ಅವರ ಬಾಯಿಗಿಟ್ಟೆ. ನಿಧಾನವಾಗಿ ಕೆರೆ ಅವರ ಪಾಲಿಗೆ ಮತ್ತೆ ಕೆಳಗಿಳಿಯಿತು.

ಡಾಕ್ಟರು ಪ್ರಮಾಣವನ್ನು ಇಪ್ಪತ್ತೆಂಟಕ್ಕೆ ಇಳಿಸಿದರು. ಆದ ಖರ್ಚು ಒಂದು ಅಚ್ಚು ಬೆಲ್ಲ, ಅದೂ ಆಕೆಯದ್ದು. ನನ್ನ ಹೆಮ್ಮೆಯನ್ನು ಅಂದು ಲೆಕ್ಕಕ್ಕೆ ಹಿಡಿದಿಲ್ಲ.